ಟಕ್ ಅನ್ನದ ಗೇರು

ಬೆಳಗಿನ ಐದೂವರೆಗೆಲ್ಲ ವಿಜಯಪುರದ ಹೊರವಲಯದ ರಸ್ತೆಗಳ ಮೇಲೆ ಸೈಕಲ್ಲುಗಳು ಬಂದುಬಿಟ್ಟಿರುತ್ತವೆ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳೂ ಇರುತ್ತವೆ, ಅವು ಅವುಗಳ ಪಾಡಿಗೆ ನಿಧಾನ. ನಾನು ಹೇಳುತ್ತಿರುವುದು ಇನ್ನೊಂದು ಜಾತಿಯವು: ಹೆಬ್ಬೆರಳು ದಪ್ಪದ ಟೈರು, ಕೆಳಕ್ಕೆ ಬಾಗಿ ಒಳಕ್ಕೆ ಸುತ್ತಿದ ಹ್ಯಾಂಡಲ್ಲು, ಮಡ್‌ಗಾರ್ಡಿಲ್ಲ, ಸ್ಟ್ಯಾಂಡಿಲ್ಲ, ಬೆಲ್ಲೂ ಇಲ್ಲ. ಒಬ್ಬರ ಹಿಂಗಾಲಿಗೆ ಮತ್ತೊಬ್ಬರ ಮುಂಗಾಲಿ ಗೇಣು ದೂರದಲ್ಲಿ, ಹುಡುಗ ಹುಡುಗಿಯರು ಸಾಲು ಹಿಡಿದು ಸಿಂದಗಿ ಕಡೆಗೋ ಸೋಲಾಪುರದ ಕಡೆಗೋ ಹೋಗುತ್ತಿರುತ್ತಾರೆ. ಹಿಂದೆ ಬೈಕಿನ ಮೇಲೆ ಕೋಚ್. ಎರೆಹೊಲದ ಬಯಲು, ಗಾಳಿಗೆ ಅಡ್ಡಿ ಎಂಬುದಿಲ್ಲ. ರಸ್ತೆ ತಿರುಗಿ ಎದುರುಗಾಳಿ ಬಡಿಯಿತೋ, ಸಾಲಿನ ಮುಂದಿನವನಿಂದ ಹಿಡಿದು ಕೊನೆಯವಳ ತನಕ ಟಕ್, ಟಕ್, ಟಕ್ ಎಂದು ಹಗುರ ಗೇರಿಗೆ ಬೀಳುವ ಸದ್ದು ಹಾದು ಹೋಗುತ್ತದೆ.

ಈ ಸೀಮೆಗೆ ಸೈಕಲ್ ಹುಚ್ಚು ಹಳೆಯದು. ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಕುಸ್ತಿ, ಬಂಡಿ ಓಟದ ಸಾಲಿನಲ್ಲೇ ಸೈಕಲ್ ಸ್ಪರ್ಧೆಯೂ ಇರುತ್ತದೆ. ವಿಜಯಪುರದ ಕ್ರೀಡಾ ವಸತಿನಿಲಯ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆ ರಾಜ್ಯದ ತಂಡಕ್ಕೆ ವರ್ಷ ವರ್ಷವೂ ಮಕ್ಕಳನ್ನು ಕೊಡುತ್ತ ಬಂದಿವೆ. ಕಾರಣ ಕೇಳಿದರೆ ಜನ ಜೋಳದ ರೊಟ್ಟಿಯ ಹೆಸರು ಹೇಳುತ್ತಾರೆ, ನೆಟ್ಟಗಿನ ರಸ್ತೆಯ ಹೆಸರು ಹೇಳುತ್ತಾರೆ. ರೊಟ್ಟಿ ಕಲಬುರಗಿಯಲ್ಲೂ ತಿನ್ನುತ್ತಾರೆ. ನನ್ನ ಲೆಕ್ಕದಲ್ಲಿ ನಿಜವಾದ ಕಾರಣ ನೌಕರಿ. ರೈಲ್ವೆಯಲ್ಲಿ, ಸೇನೆಯಲ್ಲಿ ಕ್ರೀಡಾ ಕೋಟಾ ಇದೆ; ಒಂದು ಊರಿನ ಒಬ್ಬ ಹುಡುಗ ಸೈಕಲ್ ತುಳಿದು ರೈಲ್ವೆ ಸೇರಿದ ಎಂದರೆ ಮರುವರ್ಷ ಆ ಓಣಿಯ ನಾಲ್ಕು ಮನೆಯವರು ಸೈಕಲ್ಲಿಗೆ ಸಾಲ ಎತ್ತುತ್ತಾರೆ. ಮಳೆ ಕೈಕೊಡುವ ಒಣಭೂಮಿಯಲ್ಲಿ ಇದೂ ಒಂದು ಬೆಳೆ.

ಸಾಲ ಎತ್ತಿ ತಂದ ಸೈಕಲ್ಲು ಕೆಟ್ಟಾಗ ಎಲ್ಲಿಗೆ ಒಯ್ಯಬೇಕು? ಬೆಂಗಳೂರಿನಲ್ಲಿ ಏರ್‌ಕಂಡೀಶನ್ ಹಾಕಿದ, ಕಾಫಿ ಕೊಡುವ ಸೈಕಲ್ ಶೋರೂಮುಗಳಿವೆ. ಇಲ್ಲಿಯವರು ಬರುವುದು ಹಳೆಯ ಊರಿನೊಳಗಿನ ಒಂದು ತಗಡಿನ ಅಂಗಡಿಗೆ. ಎದುರಿಗೆ ಅಟ್ಲಾಸು, ಹರ್ಕ್ಯುಲಸ್ಸು. ಪಂಕ್ಚರ್ ನೋಡುವ ನೀರಿನ ಬುಟ್ಟಿ. ಗ್ರೀಸು ಕುಡಿದು ಕರ್ರಗಾದ ನೆಲ. ಒಳಗೆ ಹಣಿಕಿ ಹಾಕಿದರೆ ಗೋಡೆಯ ಮೊಳೆಗೆ ಎರಡು ಕಾರ್ಬನ್ ಸೈಕಲ್ಲುಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಗಾಲಿಯ ಡೊಂಕು ತಿದ್ದುವ ಸ್ಟ್ಯಾಂಡು ಕೂಡ ಮನೆಯಲ್ಲೇ ಮಾಡಿದ್ದು, ಹಳೆಯ ಫೋರ್ಕೊಂದನ್ನು ಕಬ್ಬಿಣದ ಹಲಗೆಗೆ ವೆಲ್ಡ್ ಹೊಡೆಸಿದ್ದು. ಮಿಸ್ತ್ರಿಗೆ ಅರವತ್ತು ದಾಟಿದೆ, ಎಲ್ಲರಿಗೂ ಅವರು ಚಾಚಾ.

ನಾನು ಹೋದ ದಿನ ಹನ್ನೊಂದರ ಬಿಸಿಲಿಗೆ ತಂದೆ, ಮಗಳು ಬಂದರು. ತಂದೆಯ ತಲೆಯ ಮೇಲೆ ಟೋಪಿ, ಕೈಯಲ್ಲಿ ಬಸ್ಸಿನ ಟಿಕೀಟು ಹಾಗೇ ಮಡಿಚಿಕೊಂಡಿತ್ತು. ಹುಡುಗಿಗೆ ಹದಿನಾರೋ ಹದಿನೇಳೋ. ಸೈಕಲ್ಲು ಅವಳಿಗಿಂತ ಮೊದಲು ಇಬ್ಬರನ್ನು ಹೊತ್ತಿದ್ದು. ಕೊನೆಯ ಅಕ್ಕ ರೈಲ್ವೆಗೆ ಸೇರಿ ಹೋಗುವಾಗ ಕಮ್ಮಿ ದುಡ್ಡಿಗೆ ಬಿಟ್ಟುಹೋದದ್ದು.

“ಏನಾಗೈತವ್ವಾ?”

“ಗೇರ್ ಏರವಲ್ದು ಚಾಚಾ. ಒತ್ತಿದ್ರ ಲಿವರ್ ಖಾಲಿ ಹೊಕ್ಕೈತಿ. ಒಮ್ಮೊಮ್ಮೆ ಹಿಡೀತೈತಿ, ಒಮ್ಮೊಮ್ಮೆ ಇಲ್ಲ.”

“ಮತ್ತೆಲ್ಲೆರೆ ತೋರ್ಸೀರೇನು?”

ತಂದೆ ಉತ್ತರ ಕೊಟ್ಟರು. ದೊಡ್ಡ ಊರಿನ ದೊಡ್ಡ ಅಂಗಡಿಯಲ್ಲಿ ತೋರಿಸಿದ್ದರಂತೆ. ಅಲ್ಲಿಯ ಹುಡುಗ ಲಿವರನ್ನು ಎರಡು ಸಲ ಒತ್ತಿ ನೋಡಿ, ಇದು ಹೋಯಿತು, ಜೋಡಿ ಹೊಸದು ಹಾಕಿಸಿ ಅಂದನಂತೆ. ರೇಟು ಕೇಳಿ ಇವರು ಅಲ್ಲಿಂದಲೇ ಬಸ್ಸು ಹತ್ತಿದ್ದರು.

“ಹೊಸಾದು ಹಾಕೂದು ಯಾರಿಗೆರೆ ಬರ್ತೈತಿ ತಗೋರಿ,” ಎಂದು ಚಾಚಾ ಸೈಕಲ್ಲನ್ನು ಸೀಟಿನಿಂದ ಎತ್ತಿ ಹಗ್ಗಕ್ಕೆ ನೇತುಹಾಕಿದರು.

ಲಿವರಿಗೆ ಅವರು ಕೈ ಹಚ್ಚಲೇ ಇಲ್ಲ. ಒಂದು ಕೈಯಿಂದ ಪೆಡಲು ತಿರುಗಿಸುತ್ತ, ಇನ್ನೊಂದು ಕೈಯ ಬೆರಳನ್ನು ಫ್ರೇಮಿನ ಕೆಳಗೆ ಹಾದುಹೋಗುವ ಬರೀ ತಂತಿಯ ಅಡಿಗೆ ಕೊಕ್ಕೆಯಂತೆ ಹಾಕಿ ಹೊರಕ್ಕೆಳೆದರು. ಹಿಂದೆ ಚೈನು ಒಂದೊಂದೇ ಹಲ್ಲಿನ ಚಕ್ರ ಹತ್ತಿತು. ಬೆರಳು ಬಿಟ್ಟರು, ಸರಸರ ಇಳಿಯಿತು. ಹುಡುಗಿಯ ಕಡೆ ತಿರುಗಿ, “ನೋಡು, ಹಿಂದಿಂದೆಲ್ಲ ಬರೋಬರಿ ಐತಿ. ಹಟ ಮಾಡಾಕತ್ತಿದ್ದು ಮ್ಯಾಲಿಂದು,” ಅಂದರು. ಅರ್ಧ ನಿಮಿಷದ ಪರೀಕ್ಷೆ. ಬಹಳ ಜನ ಇಲ್ಲೇ ಹಾದಿ ತಪ್ಪುತ್ತಾರೆ. ಗೇರು ಬೀಳದಿದ್ದರೆ ಮೊದಲು ಕೈ ಹೋಗುವುದು ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಹಿಂದಿನ ಡಿರೇಲರಿನ ಎರಡು ಸಣ್ಣ ಸ್ಕ್ರೂಗಳಿಗೆ. ಚೈನು ಎರಡೂ ತುದಿಯಲ್ಲಿ ಆಚೆ ಬೀಳದಂತೆ ತಡೆಯುವುದಷ್ಟೇ ಆ ಸ್ಕ್ರೂಗಳ ಕೆಲಸ. ಅವನ್ನು ತಿರುಗಿಸಿಕೊಂಡವರು ಇಲ್ಲದ ಇನ್ನೊಂದು ರೋಗ ಅಂಟಿಸಿಕೊಂಡು ಬರುತ್ತಾರೆ.

ಹಿಂದೆ ಇದ್ದದ್ದು ಹಲ್ಲಿನ 10 ಚಕ್ರಗಳ ಕ್ಯಾಸೆಟ್ಟು. ಒಂದು ಚಕ್ರಕ್ಕೂ ಮುಂದಿನದಕ್ಕೂ ನಡುವೆ 4 ಮಿಲಿಮೀಟರೂ ಇಲ್ಲ. ಲಿವರು ಒಂದು ಸಲ ಟಕ್ ಅಂದರೆ ತಂತಿ ಎಳೆಯುವುದು 2 ಮಿಲಿಮೀಟರಿಗಿಂತ ಚೂರು ಹೆಚ್ಚು. ಅಷ್ಟನ್ನು ಡಿರೇಲರು ತನ್ನ ಕೀಲುಗಳಲ್ಲಿ ಹಿಗ್ಗಿಸಿಕೊಂಡು ಚೈನನ್ನು ಪಕ್ಕದ ಚಕ್ರಕ್ಕೆ ದಾಟಿಸುತ್ತದೆ. ಇಂಥ ಲೆಕ್ಕದಲ್ಲಿ ತಂತಿ ಅರ್ಧ ಮಿಲಿಮೀಟರು ಸಡಿಲಾದರೂ ಚೈನು ಎರಡು ಚಕ್ರಗಳ ನಡುವೆ ನಿಂತು ಕರಕರ ಅನ್ನುತ್ತದೆ.

ಈ ಟಕ್ ಅನ್ನುವ ಸೌಲಭ್ಯಕ್ಕೆ ಇನ್ನೂ ನೂರು ವರ್ಷವಾಗಿಲ್ಲ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ 1937ರ ತನಕ ಡಿರೇಲರಿಗೇ ಪ್ರವೇಶ ಇರಲಿಲ್ಲ. ಗೇರು ಬದಲಿಸಬೇಕೆಂದರೆ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುವಿ ಹಾಕಬೇಕಿತ್ತು. ಆಮೇಲೆ ಬಂದ ಲಿವರುಗಳು ಫ್ರೇಮಿನ ಇಳಿಗೊಳವೆಯ ಮೇಲಿದ್ದವು. ಏರಿನಲ್ಲಿ ಒಂದು ಕೈ ಬಿಟ್ಟು, ಬಗ್ಗಿ, ಕಿವಿಯಿಂದ ಕೇಳುತ್ತ ಅಂದಾಜಿನಲ್ಲಿ ಎಳೆಯಬೇಕು. ಜಪಾನಿನ ಸಕಾಯ್ ಊರಿನ ಶಿಮಾನೊ ಕಂಪನಿ 1984ರಲ್ಲಿ ಆ ಅಂದಾಜನ್ನು ತೆಗೆದು, ಒಂದೊಂದು ಗೇರಿಗೆ ಒಂದೊಂದು ಟಕ್ ಕೊಟ್ಟಿತು. 1990ರಲ್ಲಿ ಅದನ್ನು ಬ್ರೇಕ್ ಲಿವರಿನೊಳಗೇ ಕೂರಿಸಿತು. ಬ್ರೇಕನ್ನು ಹಿಂದಕ್ಕೆಳೆದರೆ ಸೈಕಲ್ಲು ನಿಲ್ಲುತ್ತದೆ, ಅದೇ ಲಿವರನ್ನು ಒಳಗಡೆಗೆ ಒತ್ತಿದರೆ ಗೇರು ಏರುತ್ತದೆ. ಅದರ ಹಿಂದೆ ಇನ್ನೊಂದು ಚಿಕ್ಕ ಲಿವರು, ಇಳಿಸಲಿಕ್ಕೆ. ಎರಡು ವರ್ಷದ ನಂತರ ಇಟಲಿಯ ಕಂಪಾನ್ಯೋಲೊ ತನ್ನದೇ ಬಗೆಯದನ್ನು ತಂದಿತು. ಅಲ್ಲಿಂದ ಮುಂದೆ ರೇಸಿನವರು ಗೇರಿಗಾಗಿ ಹ್ಯಾಂಡಲ್ಲಿನಿಂದ ಕೈ ತೆಗೆಯಬೇಕಾಗಿಲ್ಲ.

ಚಾಚಾ ಅಷ್ಟೊತ್ತಿಗೆ ಬಲಗಡೆಯ ರಬ್ಬರ್ ಹುಡ್ಡನ್ನು ಮುಂದಕ್ಕೆ ಸುಲಿದಿದ್ದರು. ವರ್ಷಗಟ್ಟಲೆ ಬೆವರು ಇಂಗಿ ರಬ್ಬರಿನ ಒಳಮೈ ಜಿಬಿಜಿಬಿ. ಹುಡುಗಿಗೆ ಲಿವರು ಒತ್ತಲು ಹೇಳಿದರು. ಒತ್ತಿದಳು. ಲಿವರು ಬಾಗಿಲಿನ ಸಡಿಲು ಚಿಲಕದಂತೆ ಒಳಗೆ ಹೋಗಿ, ಬಿಟ್ಟಾಗ ಹಾಗೇ ಮರಳಿತು. ಸದ್ದಿಲ್ಲ. ಚಾಚಾ ಕಿವಿಯನ್ನು ಹ್ಯಾಂಡಲ್ಲಿಗೆ ಹಚ್ಚಿ ಇನ್ನೊಮ್ಮೆ ಒತ್ತಿಸಿದರು. “ಫ್ರೀವೀಲಿನಾಗ ಕುತ್ತಾ ಇರ್ತಾವಲ್ಲ, ಇದರಾಗೂ ಐತಿ. ಅದು ಎದ್ದು ಹಲ್ಲಿಗಿ ಹಿಡಿಯವಲ್ದು. ಒಂದೋ ಗ್ರೀಸ್ ಗಟ್ಟಿಯಾಗೈತಿ, ಇಲ್ಲಾ ಏನೋ ಅಡ್ಡ ಬಿದ್ದೈತಿ.”

ಗ್ರೀಸು ಗಟ್ಟಿಯಾಗುವುದು ಈ ಲಿವರುಗಳಿಗೆ ಹೇಳಿ ಮಾಡಿಸಿದ ಕಾಯಿಲೆ. ಗ್ರೀಸು ಅಂದರೆ ಒಂದು ಬಗೆಯ ಸಾಬೂನಿನಲ್ಲಿ ಹಿಡಿದಿಟ್ಟ ಎಣ್ಣೆ. ವರ್ಷಗಳು ಕಳೆದಂತೆ ಎಣ್ಣೆ ಜಿನುಗಿ ಹೋಗಿ ಸಾಬೂನು ಅಂಟಾಗಿ ಉಳಿಯುತ್ತದೆ. ಕುತ್ತಾವನ್ನು, ಅಂದರೆ ಹಲ್ಲಿಗೆ ಸಿಕ್ಕಿಕೊಳ್ಳುವ ಆ ಕೊಕ್ಕೆಯನ್ನು, ಎಬ್ಬಿಸುವ ಸ್ಪ್ರಿಂಗು ಕೂದಲೆಳೆಯಂಥದ್ದು, ಅದಕ್ಕೆ ಆ ಅಂಟನ್ನು ಹರಿದುಕೊಂಡು ಏಳುವ ಕಸುವಿಲ್ಲ. ದಿನಾ ತುಳಿಯುವ ಸೈಕಲ್ಲಿಗಿಂತ ಮೂಲೆ ಸೇರಿದ ಸೈಕಲ್ಲಿಗೆ ಇದು ಬೇಗ. ನಿಂತ ಸೈಕಲ್ಲನ್ನು ಹೊರತೆಗೆದವರು, ಚೆನ್ನಾಗಿತ್ತಲ್ಲ, ಯಾವಾಗ ಕೆಟ್ಟಿತು ಎಂದು ತಲೆ ಕೆರೆದುಕೊಳ್ಳುತ್ತಾರೆ.

ಈ ಸೈಕಲ್ಲು ನಿಂತದ್ದಲ್ಲ. ಚಾಚಾಗೆ ಎರಡನೆಯದರ ಮೇಲೇ ಗುಮಾನಿ. ಚಿಕ್ಕ ಲಿವರನ್ನು ಒತ್ತೊತ್ತಿ ಗೇರನ್ನು ತೀರ ಚಿಕ್ಕ ಚಕ್ರಕ್ಕೆ ಇಳಿಸಿದರು. ತಂತಿಯ ಗುಂಡಿ ಹೊರಬರುವ ತೂತು ಆಗ ಮಾತ್ರ ಕಣ್ಣಿಗೆ ನೇರ ಬರುತ್ತದೆ. ಹಿಂದೆ 5 ನಂಬರಿನ ಅಲೆನ್ ಕೀ ಹಾಕಿ ತಂತಿಯ ಬೋಲ್ಟು ಸಡಿಲಿಸಿದರು. ಹ್ಯಾಂಡಲ್ಲಿನ ನಡುವಿನಿಂದ ಟೇಪು ಸುರುಳಿ ಬಿಚ್ಚುತ್ತ ಲಿವರಿನ ತನಕ ಬಂದರು. ಮೇಲಿನ ಮುಖ ಕಪ್ಪು, ಅಡಿಯ ಮುಖ ಬೆವರಿನ ಉಪ್ಪಿಗೆ ಬೆಳ್ಳಗೆ. ತಂತಿಯನ್ನು ಹಿಂದಿನಿಂದ ನೂಕಿದರು. ಅರ್ಧ ಇಂಚು ಬಂದು ನಿಂತಿತು. ಮತ್ತೆ ನೂಕಿದರು, ಬರಲಿಲ್ಲ.

“ಕಡಕ್ ಹಿಡ್ದೈತ್ರಿ?” ತಂದೆ ಎದ್ದು ನಿಂತರು.

“ತಡೀರಿ ಅಣ್ಣಾರ. ಗಡಬಡ ಮಾಡಿದ್ರ ಒಳಗ ಮುರೀತೈತಿ.”

ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಹೊಲಿಗೆಯ ದಬ್ಬಣದಿಂದ ತೂತಿನೊಳಗೆ ಕೆದಕಿ, ತಂತಿಯನ್ನು ಅದರ ಹೊಸೆತದ ದಿಕ್ಕಿಗೆ ತಿರುವುತ್ತ ತಿರುವುತ್ತ ಎಳೆದರು. ಗುಂಡಿ ಹೊರಬಿತ್ತು. ಅದರ ಹಿಂದೆ ಒಂದು ಇಂಚಿನಷ್ಟು ತಂತಿ. ಗೇರಿನ ತಂತಿಯ ದಪ್ಪ 1.2 ಮಿಲಿಮೀಟರು, ಅಷ್ಟರಲ್ಲೇ 19 ಉಕ್ಕಿನ ಎಳೆಗಳನ್ನು ಹೊಸೆದಿರುತ್ತಾರೆ. ಇಲ್ಲಿ ಅರ್ಧಕ್ಕರ್ಧ ಎಳೆಗಳು ಕಡಿದು, ಕೆದರಿ, ಒಂದೊಂದೂ ಒಂದೊಂದು ದಿಕ್ಕಿಗೆ ಚಾಚಿಕೊಂಡಿದ್ದವು. ಕಡಿದ ತುದಿಗಳು ಕರ್ರಗೆ, ನಡುವೆ ಉಳಿದವು ಎಳೆದೆಳೆದು ತೆಳ್ಳಗಾಗಿ ಫಳಫಳ ಹೊಳೆಯುತ್ತಿದ್ದವು. ಹುಡುಗಿ ಮುಟ್ಟಹೋದಳು. ಚಾಚಾ ಕೈ ಸರಿಸಿದರು. ಆ ಎಳೆ ಚರ್ಮದೊಳಗೆ ಹೊಕ್ಕರೆ ಕಣ್ಣಿಗೂ ಕಾಣುವುದಿಲ್ಲ, ಉಗುರಿಗೂ ಸಿಗುವುದಿಲ್ಲ. ಅವರ ಹೆಬ್ಬೆರಳಿನ ತುದಿ ಅಂಥ ಚುಚ್ಚುಗಳಿಂದಲೇ ಗಟ್ಟಿಯಾಗಿತ್ತು.

ಇನ್ನೊಂದು ವಾರ ತುಳಿದಿದ್ದರೆ ತಂತಿ ಪೂರ್ತಿ ಹರಿಯುತ್ತಿತ್ತು. ಹರಿದರೆ ಡಿರೇಲರಿನ ಸ್ಪ್ರಿಂಗು ಚೈನನ್ನು ಎಳೆದು ಅತಿ ಚಿಕ್ಕ ಚಕ್ರಕ್ಕೆ, ಅಂದರೆ ಅತಿ ಭಾರದ ಗೇರಿಗೆ ಹಾಕಿಬಿಡುತ್ತದೆ. ಆಮೇಲೆ ಎದುರುಗಾಳಿ ಇರಲಿ, ಏರು ಇರಲಿ, ಅದೇ ಗೇರು. ರೇಸಿನ ನಡುವೆ ಹಾಗಾದರೆ ಅವತ್ತಿಗೆ ಮುಗಿಯಿತು.

ಇಷ್ಟು ಬೇಗ ಯಾಕೆ ಹರಿಯುತ್ತದೆ ಎಂಬುದಕ್ಕೆ ಉತ್ತರ ಆ ಬಿಚ್ಚಿದ ಟೇಪಿನಡಿಯಲ್ಲಿದೆ. ಶಿಮಾನೊದ ಹಳೆಯ ಲಿವರುಗಳಲ್ಲಿ ಗೇರಿನ ತಂತಿ ಲಿವರಿನ ಪಕ್ಕದಿಂದ ಹೊರಟು ಗಾಳಿಯಲ್ಲಿ ಬಾಗಿಕೊಂಡು ಫ್ರೇಮಿಗೆ ಬರುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗ ಎಂದು ಜನ ನಗುತ್ತಿದ್ದರು. 2010ರ ಹೊತ್ತಿಗೆ 105 ಎಂಬ ನಡುಮಟ್ಟದ ಸೆಟ್ಟಿನಲ್ಲೂ ತಂತಿಯನ್ನು ಟೇಪಿನಡಿ ಅಡಗಿಸಿದರು. ನೋಟ ಚಂದವಾಯಿತು, ಗಾಳಿಯ ತಡೆಯೂ ಕಮ್ಮಿಯಾಯಿತು. ಆದರೆ ತಂತಿ ಲಿವರಿನೊಳಗಿಂದ ಹೊರಬರುವ ಕಡೆ ಗಿಡ್ಡ ತಿರುವು ಹೊಡೆಯಬೇಕಾಯಿತು. ಪ್ರತಿ ಟಕ್ಕಿಗೂ ಅದೇ ಜಾಗದಲ್ಲಿ ಬಾಗಿ, ನೆಟ್ಟಗಾಗಿ, ಬಾಗಿ, ಉಕ್ಕು ದಣಿಯುತ್ತದೆ. ದಣಿದದ್ದು ಹೊರಗಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಈಗ ರಬ್ಬರಿನ ಕೆಳಗೆ, ಟೇಪಿನ ಒಳಗೆ ಸದ್ದಿಲ್ಲದೆ ಒಂದೊಂದೇ ಎಳೆ ಕಡಿಯುತ್ತ ಹೋಗುತ್ತದೆ. ಚಂದಕ್ಕಾಗಿ ಮಾಡಿಕೊಂಡ ಈ ಏರ್ಪಾಟು ನನಗೆ ಅಷ್ಟಾಗಿ ಹಿಡಿಸಿಲ್ಲ. ಆ ಬಟ್ಟೆಹಗ್ಗದವೇ ವಾಸಿ.

ಕೆಲಸ ಇನ್ನೂ ಅರ್ಧ ಉಳಿದಿತ್ತು. ಕಡಿದ ಎಳೆಗಳ ಚೂರುಗಳು ಒಳಗೆ ಬಿದ್ದಿರುತ್ತವೆ. ಅವುಗಳಲ್ಲಿ ಒಂದು ಉಳಿದರೂ ಹೊಸ ತಂತಿ ಹಾಕಿ ಉಪಯೋಗವಿಲ್ಲ. ಚಾಚಾ ಹಳೆಯ ತಂತಿಯ ಕಡಿದ ಎಳೆಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು ಹೊಂದಿಸಿ ನೋಡಿದರು. ಎರಡು ತುಂಡು ಕಮ್ಮಿ. ಒಂದನ್ನು ಚಿಮಟಿಗೆಯಲ್ಲಿ ಹಿಡಿದು ತೆಗೆದರು. ಇನ್ನೊಂದು ಕಾಣಲೊಲ್ಲದು. ಹ್ಯಾಂಡಲ್ಲನ್ನೇ ತಿರುಗಿಸಿ ಲಿವರಿನ ಬಾಯಿ ಕೆಳಗೆ ಮಾಡಿ, ಸ್ಪ್ರೇ ಡಬ್ಬಿಯ ಕೆಂಪು ನಳಿಕೆಯನ್ನು ಒಳಗೆ ಸೇರಿಸಿ ಪಿಚಕ್ ಎಂದು ಬಿಟ್ಟರು. “ಚಿಮಣಿ ಎಣ್ಣಿ ಇದ್ದಾಗ ಈ ಡಬ್ಬಿ ಬೇಕಾಗಿದ್ದಿಲ್ಲ. ಈಗ ಅದೆಲ್ಲಿ ಸಿಗತೈತಿ,” ಎಂದು ಗೊಣಗಿದರು. ಲಿವರಿನಿಂದ ಮೊದಲು ಇಳಿದದ್ದು ಕರಿನೀರು. ಆಮೇಲೆ ಕಂದು, ಅದರಲ್ಲಿ ಎರೆಮಣ್ಣಿನ ಸಣ್ಣ ಮಡ್ಡಿ. ಮೂರನೆಯ ಸಲದ್ದು ತಿಳಿಯಾಗಿ ಇಳಿಯುವಾಗ ಬಟ್ಟೆಯ ಮೇಲೆ ರೆಪ್ಪೆಯ ಕೂದಲಷ್ಟುದ್ದದ ಉಕ್ಕಿನ ಚೂರು ಬಂದು ಬಿತ್ತು.

“ಬಂದ ನೋಡು ಕಳ್ಳ!”

ಹುಡುಗಿಗೆ ಲಿವರು ಒತ್ತುತ್ತಲೇ ಇರಲು ಹೇಳಿದರು. ಖಾಲಿ. ಖಾಲಿ. ಇನ್ನೊಮ್ಮೆ ಸ್ಪ್ರೇ. ಒತ್ತಿದಳು, ಅರ್ಧ ಹಿಡಿದು ಜಾರಿತು. ಅವಳ ಮಣಿಕಟ್ಟು ಸೋತು ಕೈ ಬದಲಿಸಿದಳು. ತಂದೆ ಬೀಡಿ ಹಚ್ಚಲು ಹೊರಗೆ ಹೋದರು. ಟಕ್. ಹುಡುಗಿ ಒತ್ತುವುದನ್ನು ನಿಲ್ಲಿಸಿ ಚಾಚಾನ ಮುಖ ನೋಡಿದಳು. “ನಿಂದರಬ್ಯಾಡ, ಒತ್ತು, ಒತ್ತು.” ಟಕ್, ಟಕ್, ಖಾಲಿ, ಟಕ್. ಆಮೇಲೆ ಖಾಲಿ ಹೋಗಲಿಲ್ಲ. ಒಂಬತ್ತು ಸಲ ಟಕ್ ಎಂದು ಏರಿತು, ಒಂಬತ್ತು ಸಲ ಇಳಿಯಿತು. ತಂದೆ ಬೀಡಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತರು.

ಅಲ್ಲಿಗೇ ಬಿಟ್ಟಿದ್ದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತಿದ್ದರು. ಸ್ಪ್ರೇ ಕೊಳೆ ತೊಳೆಯುತ್ತದೆ, ಜೊತೆಗೆ ಇದ್ದಬದ್ದ ಜಿಡ್ಡನ್ನೂ ಒಯ್ಯುತ್ತದೆ. ತಾನು ಹೆಚ್ಚು ದಿನ ನಿಲ್ಲುವುದಿಲ್ಲ. ಒಳಗೆಲ್ಲ ಆರಲು ಬಿಟ್ಟು, ಚಾಚಾ ಹೊಲಿಗೆ ಮಷಿನ್ನಿನ ಎಣ್ಣೆಯನ್ನು ಸಿರಿಂಜಿನಲ್ಲಿ ತುಂಬಿ ಹನಿ ಹನಿ ಬಿಟ್ಟರು. ಗ್ರೀಸು ಹಾಕಲಿಲ್ಲ. ಲಿವರನ್ನು ಪೂರ್ತಿ ಬಿಚ್ಚುವ ಮಾತಂತೂ ಎತ್ತಲೇ ಇಲ್ಲ. ಒಳಗಿನ ಸ್ಪ್ರಿಂಗುಗಳು ಒಮ್ಮೆ ಹಾರಿದರೆ ಕೂರಿಸುವುದು ದೇವರಿಗೂ ಕಷ್ಟ, ಕಳೆದರೆ ಬಿಡಿಭಾಗ ಸಿಗುವುದಿಲ್ಲ. ಕಂಪಾನ್ಯೋಲೊದ ಹಳೆಯ ಲಿವರುಗಳನ್ನು ಬಿಚ್ಚಿ, ಸವೆದ ಸ್ಪ್ರಿಂಗು ತೆಗೆದು ಹೊಸದು ಹಾಕಬಹುದಿತ್ತು. ಜಪಾನಿನವರು ಮಾಡಿದ್ದು ತೊಂದರೆ ಕೊಡುವುದು ಕಮ್ಮಿ, ಕೊಟ್ಟಾಗ ಪೂರ್ತಿ ಬದಲಿಸು ಅನ್ನುವ ಬಗೆ. ದೊಡ್ಡ ಅಂಗಡಿಯ ಹುಡುಗ ಕಂಪನಿಯ ಪಾಠವನ್ನೇ ಒಪ್ಪಿಸಿದ್ದ, ಅವನನ್ನು ಬೈದು ಫಲವಿಲ್ಲ. ಈಚೆಗಂತೂ ಶಿಮಾನೊದ ಮೇಲ್ಮಟ್ಟದ ಸೆಟ್ಟುಗಳಲ್ಲಿ ತಂತಿಯೇ ಇಲ್ಲ. ಗುಂಡಿ ಒತ್ತಿದರೆ ಬ್ಯಾಟರಿಯ ಮೋಟಾರು ಗೇರು ಹಾಕುತ್ತದೆ. ಅವುಗಳ ಕಾಯಿಲೆಗಳು ಈ ತಗಡಿನ ಅಂಗಡಿಗೆ ಇನ್ನೂ ಬಂದಿಲ್ಲ.

ಹೊಸ ತಂತಿ, ಅದರ ಹೊರಗವಸಾದ ಹೊಸ ಔಟರು. ಗೇರಿನ ಔಟರು ಬ್ರೇಕಿನದಕ್ಕಿಂತ ಬೇರೆ. ಬ್ರೇಕಿನದರಲ್ಲಿ ತಂತಿ ಸುರುಳಿ ಸುತ್ತಿರುತ್ತದೆ, ಗೇರಿನದರಲ್ಲಿ ಉದ್ದಕ್ಕೆ ಹಾಸಿರುತ್ತದೆ. ಒತ್ತಿದರೆ ಕುಗ್ಗಬಾರದು ನೋಡಿ. ಒಂದರ ಬದಲು ಇನ್ನೊಂದು ಹಾಕಿದರೆ ಮಿಲಿಮೀಟರಿನ ಲೆಕ್ಕ ತಪ್ಪುತ್ತದೆ. ಗೇರಿನದನ್ನು ಬ್ರೇಕಿಗೆ ಹಾಕಿದರಂತೂ ಜೋರಾಗಿ ಹಿಡಿದಾಗ ಒಡೆದು ಪ್ರಾಣಕ್ಕೇ ಸಂಚಕಾರ. ಚಾಚಾ ಔಟರನ್ನು ಕತ್ತರಿಸಿ, ತುದಿಯನ್ನು ಕಾನಸಿನಿಂದ ಚಪ್ಪಟೆಯಾಗಿ ಉಜ್ಜಿ, ಒಳಗಿನ ಬಾಯಿಯನ್ನು ದಬ್ಬಣದಿಂದ ಅಗಲಿಸಿ, ಟೋಪಿ ತೊಡಿಸಿದರು. ಈ ಉಜ್ಜುವ ಕೆಲಸಕ್ಕೆ ಅವರು ತೆಗೆದುಕೊಂಡ ಹೊತ್ತು ಕಂಡು ನನಗೇ ಬೇಸರ ಬಂತು. ಆದರೆ ಡಿರೇಲರಿನ ಹತ್ತಿರ ಬರುವ ಆ ಕೊನೆಯ ಗಿಡ್ಡ ತುಂಡೇ ಕೆಸರು, ನೀರು, ದೂಳು ಎಲ್ಲ ಕುಡಿಯುವುದು. ಹೊಸ ತಂತಿ ಸಿಕ್ಕಿಕೊಂಡರೆ ಅಲ್ಲೇ ಸಿಕ್ಕಿಕೊಳ್ಳುವುದು.

ತಂತಿ ಎಳೆದು ಬೋಲ್ಟು ಬಿಗಿಯಾಯಿತು. ಹುಡುಗಿ ಪೆಡಲು ತಿರುಗಿಸಿದಳು, ಚಾಚಾ ಒಂದು ಸಲ ಒತ್ತಿದರು. ಚೈನು ಎರಡನೇ ಚಕ್ರದ ಹಲ್ಲಿಗೆ ತಾಗಿ ಚರ್ ಅಂದಿತು, ಏರಲಿಲ್ಲ. ಡಿರೇಲರಿನ ಹಿಂದಿನ ತಿರುಪನ್ನು ಗಡಿಯಾರದ ಮುಳ್ಳಿನ ವಿರುದ್ಧ ಕಾಲು ಸುತ್ತು ತಿರುಗಿಸಿದರು. ಚರ್. ಇನ್ನೊಂದು ಕಾಲು ಸುತ್ತು. ಹತ್ತಿತು. ಈಗ ಮೂರನೆಯದಕ್ಕೆ ಸ್ವಲ್ಪ ಉಜ್ಜುವ ಸದ್ದು, ಅರೆ ಕಾಲು ಸುತ್ತು ಹಿಂದಕ್ಕೆ. ಕಣ್ಣು ಮುಚ್ಚಿಕೊಂಡು ಕೇಳಿದರು. “ಕಣ್ಣಿಗಿ ಎಲ್ಲಾ ಸರೀನ ಕಾಣತೈತಿ, ಕಿವಿಗಿ ಗೊತ್ತಾಗತೈತಿ.”

ಹುಡುಗಿ ರಸ್ತೆಗೆ ಹೊರಟಳು. ಗೋಳಗುಮ್ಮಟದ ಕಡೆಗೆ ಸಣ್ಣ ಏರಿದೆ, ಅಲ್ಲಿ ತನಕ ಹೋಗಿ ಬಂದಳು. ಬರುವಾಗ ಎಮ್ಮೆಗಳ ಹಿಂಡೊಂದು ಅಡ್ಡ ಬರಲು, ಅವಳು ಹಗುರ ಗೇರಿಗೆ ಏರಿಸಿ, ನುಸುಳಿ, ಮತ್ತೆ ಇಳಿಸಿ ಬಂದದ್ದನ್ನು ಇಲ್ಲಿಂದಲೇ ಕೇಳಿದೆವು.

“ಹ್ಯಾಂಗೈತಿ?”

“ಬೆಣ್ಣಿ ಹಂಗ ಆಗೈತಿ ಚಾಚಾ!”

“ಈಗ ಹಂಗ ಅಂತಿ. ಹೊಸಾ ತಂತಿ, ನಾಕ್ ದಿನದಾಗ ಸಡ್ಲ ಆಗ್ತೈತಿ. ಹಿಂದಿನ ಈ ತಿರುಪನ್ನ ಕಾಲು ಸುತ್ತು ನೀನ ತಿರುವು, ಬಸ್ಸಿಗಿ ರೊಕ್ಕಾ ಹಾಕಿ ಇಲ್ಲಿಗಿ ಬರಬ್ಯಾಡ. ಎರಡು ಸ್ಕ್ರೂ ಅದಾವಲ್ಲ, ಅವಕ್ಕ ಮಾತ್ರ ಕೈ ಹಚ್ಚೀದಿ!”

ಕೇಬಲ್ಲು, ಔಟರು, ಕೈಗೂಲಿ ಸೇರಿ ಐದುನೂರು ಅಂದರು. ತಂದೆ ಬನಿಯನ್ನಿನ ಕಿಸೆಯಿಂದ ಹಾಳೆಯಲ್ಲಿ ಸುತ್ತಿದ ದುಡ್ಡು ತೆಗೆದರು. ಎಣಿಸಿ ಕೊಟ್ಟ ಮೇಲೂ ಕೈಯಲ್ಲಿ ಸಾಕಷ್ಟು ಉಳಿದಿತ್ತು. ದೊಡ್ಡ ಅಂಗಡಿಯ ರೇಟಿಗೆಂದು ಎಲ್ಲೋ ಹೊಂದಿಸಿಕೊಂಡು ಬಂದದ್ದಿರಬೇಕು. ಮತ್ತೆ ಸುತ್ತಿಡುವಾಗ ಅವರಿಗೆ ಏನೋ ಹೊಳೆಯಿತು.

“ಚಾಚಾ, ಎಡಗಡೀದು ಹ್ಯಾಂಗರಿ?”

“ಅದು ಮುಂದಿನ ಗೇರಿಂದು, ಒತ್ತೂದು ಕಮ್ಮಿ. ಇನ್ನಾ ದಮ್ ಐತಿ. ಆದ್ರ ತಂತಿ ಇದರ ವಾರಿಗೀದ ನೋಡ್ರಿ.”

ತಂದೆ ಬಸ್ಸಿನ ಹೊತ್ತು ಲೆಕ್ಕ ಹಾಕಿದರು. ಮಗಳು ಆಗಲೇ ಸೈಕಲ್ಲನ್ನು ಮತ್ತೆ ಹಗ್ಗದ ಹತ್ತಿರ ತಂದು ನಿಲ್ಲಿಸಿದ್ದಳು.

“ಬಿಚ್ರಿ ಹಂಗಾರ. ನಾಕರ ಬಸ್ಸಿಗಿ ಹೊಕ್ಕೀವಿ.”

ಚಾಚಾ ಚಹಾದ ಹುಡುಗನಿಗೆ ನಾಲ್ಕು ಬೆರಳು ತೋರಿಸಿ, ಎಡಗಡೆಯ ಟೇಪಿನ ತುದಿಯನ್ನು ಉಗುರಿನಿಂದ ಕೆರೆಯತೊಡಗಿದರು.